ಪುಕ್ಕಟೆ ದವಾಖಾನೆಯ ಬೆಲೆ

ನಮ್ಮ ಜಿಲ್ಲೆಯ ಕೂಲಿಕಾರರು ವೇಳೆಗೆ ಸರಿಯಾಗಿ ಡಾಕ್ಟರರ ಹತ್ತಿರ ಬರುವುದಿಲ್ಲ, ಜಡ್ಡು ಬಲಿತ ಮೇಲೆಯೇ ಬರುತ್ತಾರೆ ಎಂಬುದು ವೇದಿಕೆ ಹತ್ತಿದ ಮಹಾಶಯರೆಲ್ಲರ ಹಳೆಯ ದೂರು. ಅಜ್ಞಾನ, ಮೂಢನಂಬಿಕೆ, ಆಲಸ್ಯ ಎಂದು ಮೂರು ಕಾರಣ ಹೇಳಿ, ಹಾರ ಹಾಕಿಸಿಕೊಂಡು ಮೋಟಾರು ಹತ್ತಿಬಿಡುತ್ತಾರೆ. ನಾಲ್ಕನೆಯ ಕಾರಣ ಅವರ ಬಾಯಲ್ಲಿ ಬರುವುದೇ ಇಲ್ಲ. ಅದರ ಹೆಸರು ದಿನಗೂಲಿ.

ಔರಾದ ತಾಲೂಕಿನ ಒಂದು ಹೊಲದಲ್ಲಿ ಸೋಯಾಬೀನಿನ ಕಳೆ ತೆಗೆಯುತ್ತಿದ್ದ ತಾಯಿಯೊಬ್ಬರ ಕಾಲು ಬಾತಿದ್ದವು. "ದವಾಖಾನಿಗಿ ಹೋಗಬಾರದೇನವ್ವಾ?" ಎಂದೆ. "ಹೋಗ್ತೀನಿ ಮಾಸ್ತರ್ರ, ಇವತ್ತಿನ ಕೂಲಿ ನೀವು ಕೊಡ್ತೀರೇನು?" ಎಂದರು. ಇದು ಅಜ್ಞಾನವೇ? ಇದು ಪಕ್ಕಾ ಲೆಕ್ಕ.

ದವಾಖಾನೆಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೀದರ ನಗರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ದವಾಖಾನೆಯಿದೆ. ಭಾಲ್ಕಿ, ಔರಾದಗಳಲ್ಲಿ ತಾಲೂಕಾ ದವಾಖಾನೆಗಳಿವೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲ. ಒಳ್ಳೆಯ ಕೆಲಸ, ಒಪ್ಪಿದೆ. ಆದರೆ ಔರಾದದಿಂದ ಬೀದರಕ್ಕೆ ಸುಮಾರು 40 ಕಿಲೋಮೀಟರು. ಹೋಗಿ, ಸರದಿ ನಿಂತು, ರಕ್ತ ಪರೀಕ್ಷೆ ಮಾಡಿಸಿ ತಿರುಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಹೊಲದ ಹೊತ್ತೇ ದವಾಖಾನೆಯ ಹೊತ್ತು! ಭಾಲ್ಕಿಯ ಹಳ್ಳಿಗಳಲ್ಲಿ ಸೊಸೆಯಾದವಳು ಒಬ್ಬಳೇ ಹೊರಡುವ ಹಾಗಿಲ್ಲ, ಅತ್ತೆಯೋ ಗಂಡನೋ ಜೊತೆಗೆ ಹೋಗಬೇಕು. ಅಲ್ಲಿಗೆ ಎರಡು ಕೂಲಿ ಮುಳುಗಿದವು. ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂದಿತು, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಅದು ಮುಖ್ಯವಾಗಿ ಮಂಚ ಹಿಡಿದವರಿಗೆ. ಮಂಚ ಹಿಡಿಯಬಾರದೆಂದು ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆ, ಬಿ.ಪಿ. ತೋರಿಸಿಕೊಳ್ಳಲು ಹೋದವರ ಕೂಲಿಯನ್ನು ಯಾರು ತುಂಬಿಕೊಡುತ್ತಾರೆ?

ನನ್ನದೇ ಮಾತು ಹೇಳುತ್ತೇನೆ. ಮಾಸ್ತರಿಕೆಯಲ್ಲಿದ್ದಾಗ ನೆಗಡಿ ಬಂದರೂ ರಜೆಯ ಅರ್ಜಿ ಗೀಚಿ ಡಾಕ್ಟರರ ಬಾಗಿಲಿಗೆ ಹೋಗುತ್ತಿದ್ದೆ. ಪಗಾರದಲ್ಲಿ ಪೈಸೆ ಕಡಿಮೆಯಾಗುತ್ತಿರಲಿಲ್ಲ. ಪಕ್ಷದ ಕೆಲಸಕ್ಕೆ ಬಂದು ಪಗಾರ ನಿಂತ ಮೇಲೆ ನಾನೂ "ನಾಳೆ ನೋಡೋಣ" ಎನ್ನಲು ಕಲಿತೆ. ಮೆಟ್ರಿಕ್ ಪಾಸಾದವನ ಜ್ಞಾನ ಒಂದೇ ವರ್ಷದಲ್ಲಿ ಎಲ್ಲಿ ಹೋಯಿತು, ಮಹಾಶಯರೇ?

ವೇಲ್ಸ್ ನಾಡಿನ ಕಲ್ಲಿದ್ದಲು ಗಣಿಯ ಊರಿನಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿಯೇ ಬರೆದರು: ಜಡ್ಡು ಹೆಚ್ಚಿರುವಲ್ಲಿಯೇ ಒಳ್ಳೆಯ ಚಿಕಿತ್ಸೆ ಕಡಿಮೆ, ವೈದ್ಯವು ಪೇಟೆಯ ಕೈಗೆ ಸಿಕ್ಕಷ್ಟೂ ಈ ಅನ್ಯಾಯ ಹೆಚ್ಚು. ನಮ್ಮಲ್ಲಿ ಉಳ್ಳವನು ತಲೆನೋವಿಗೂ ಹೈದರಾಬಾದಿಗೆ ಹೋಗುತ್ತಾನೆ; ಅವನ ಹೊಲದ ಆಳು ಮಾತ್ರ ಬಸ್‌ಸ್ಟ್ಯಾಂಡಿನ ಅಂಗಡಿಯ ಎರಡು ಗುಳಿಗೆ ನುಂಗಿ ಮತ್ತೆ ಕುರಪಿ ಹಿಡಿಯುತ್ತಾನೆ.

1948ರ ಇ.ಎಸ್.ಐ. ಕಾಯಿದೆಯು ಕಾರ್ಖಾನೆಯ ಕೆಲಸಗಾರನಿಗೆ ಜಡ್ಡಿನ ದಿನಗಳಿಗೂ ಹಣ ಪಡೆಯುವ ಹಕ್ಕು ತಂದಿತು. ವಿಮೆಯಿದ್ದವನಿಗೆ ಇಂದು ಕೂಲಿಯ ಸೇಕಡಾ 70, ವರ್ಷಕ್ಕೆ 91 ದಿನದವರೆಗೆ. ಹೊಲದಲ್ಲಿ ದುಡಿಯುವವರು ಹೊರಗೇ ಉಳಿದರು. ಅವರದು ಮೈಯಲ್ಲವೇ?

ಹೊಲದ ಕೂಲಿಗೂ ಜಡ್ಡಿನ ದಿನದ ಕೂಲಿ ಕಾಯಿದೆಯಿಂದಲೇ ಸಿಗಬೇಕು. ಕಳೆ ಮತ್ತು ಸುಗ್ಗಿಯ ಕಾಲಕ್ಕೆ ತಾಲೂಕಾ ದವಾಖಾನೆಯಲ್ಲಿ ರಾತ್ರಿ 8ರವರೆಗೆ ಡಾಕ್ಟರರು ಕುಳಿತು ಹೊರರೋಗಿಗಳನ್ನು ನೋಡಬೇಕು. ಮುಂದಿನ ಸಲ ಔರಾದಕ್ಕೆ ಭಾಷಣಕ್ಕೆ ಬರುವವರು ಹಾರಕ್ಕೆ ಕೊರಳೊಡ್ಡುವ ಮೊದಲು ಇವೆರಡಕ್ಕೆ ಹೌದೋ ಅಲ್ಲವೋ ಹೇಳಲಿ.