ಮನೆ ಕಾಣದ ಮೇಷ್ಟರು

ಮಗುವನ್ನು ನಡುವೆ ನಿಲ್ಲಿಸಿಕೊಂಡು, ಅದರ ತಲೆಯ ಮೇಲಿಂದ, ಹೆತ್ತವರೂ ಉಪಾಧ್ಯಾಯರೂ ಅದರ ದೋಷಗಳನ್ನು ಒಂದೊಂದಾಗಿ ಎಣಿಸುವ ಕಾರ್ಯಕ್ಕೆ ನಮ್ಮ ಶಾಲೆಗಳು ಪೇರೆಂಟ್ಸ್ ಮೀಟಿಂಗ್ ಎಂದು ಹೆಸರಿಟ್ಟು, ಅದರಿಂದ ಮನೆ ಮತ್ತು ಶಾಲೆಗಳ ನಡುವೆ ಬಾಂಧವ್ಯ ಬೆಳೆಯುವುದೆಂದು ಹೇಳಿಕೊಳ್ಳುತ್ತಿರುವುದನ್ನು ನಾನು ಇನ್ನು ಸಹಿಸಲಾರೆನು.

ಕಳೆದ ಶನಿವಾರ ಮೊಮ್ಮಗಳ ಸರದಿಗಾಗಿ ಕಾಯುತ್ತ ಕುಳಿತಿದ್ದಾಗ, ನಮಗಿಂತ ಮುಂದೆ ಕರೆಸಿಕೊಂಡ ಹುಡುಗನೊಬ್ಬನಿಗೆ, ಆರನೆಯ ತರಗತಿಯವನಿರಬೇಕು, ಆದುದನ್ನು ಕಣ್ಣಾರೆ ಕಂಡೆನು. ಉಪಾಧ್ಯಾಯಿನಿಯವರು ಗಣಿತದ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಕೆಂಪು ಶಾಯಿಯ ಗುರುತುಗಳ ಮೇಲೆ ಬೆರಳಾಡಿಸುತ್ತ, “ಗಮನವೇ ಇಲ್ಲ ನೋಡಿ, ಯಾವಾಗಲೂ ಕಿಟಕಿ ಕಡೆ ನೋಡ್ತಾ ಕೂತಿರ್ತಾನೆ” ಎಂದರು. ತಾಯಿ ಒಡನೆಯೇ, “ನಾಲ್ಕು ಬಿಗೀರಿ ಮಿಸ್, ನಾವ್ಯಾರೂ ಕೇಳೋಕೆ ಬರಲ್ಲ” ಎಂದರು. ಹುಡುಗನು ತನ್ನ ಷರ್ಟಿನ ಕೊನೆಯ ಗುಂಡಿಯನ್ನು ತಿರುವುತ್ತಲೇ ನಿಂತಿದ್ದು, ಅದು ದಾರಸಮೇತ ಕಿತ್ತು ಕೈಗೆ ಬಂದಾಗ, ಯಾರಾದರೂ ಕಂಡಾರೆಂದು ಅತ್ತಿತ್ತ ನೋಡಿ ಅವಸರದಿಂದ ಜೇಬಿಗೆ ಸೇರಿಸಿದನು. ಹಿರಿಯರಿಬ್ಬರೂ ಅದನ್ನು ಕಾಣಲಿಲ್ಲ. ಅವರ ದೃಷ್ಟಿ ಅಂಕಪಟ್ಟಿಯಲ್ಲಿ ನೆಟ್ಟಿದ್ದಿತು. ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುವವನು ಕೂಡ ನಡುವೆ ಒಮ್ಮೆ ಅದರ ಬೆನ್ನು ತಟ್ಟುತ್ತಾನೆ. ಇಲ್ಲಿ ಅಷ್ಟೂ ಆಗಲಿಲ್ಲ.

ಆ ಉಪಾಧ್ಯಾಯಿನಿಯವರನ್ನು ದೂಷಿಸಲು ನಾನು ಹೊರಟಿಲ್ಲ. ಬಾಗಿಲಾಚೆ ಪೋಷಕರ ಸಾಲು ಬೆಳೆಯುತ್ತಿದ್ದಿತು; ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷಗಳಿಗಿಂತ ಹೆಚ್ಚು ದೊರೆಯುವಂತಿರಲಿಲ್ಲ. ತಾಯಿಯಾದರೋ ಅರ್ಧ ದಿನದ ರಜೆ ಹಾಕಿ ಬಂದು, ಗಡಿಯಾರವನ್ನು ನೋಡುತ್ತಲೇ ಮಾತಾಡುತ್ತಿದ್ದರು. ಆದರೆ ಆಕೆ ಅಷ್ಟು ಉದಾರವಾಗಿ ಕೊಟ್ಟ ಅನುಮತಿಯು ಶೂನ್ಯವೆಂಬುದನ್ನು ಇಬ್ಬರೂ ತಿಳಿದಿರತಕ್ಕದ್ದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಶಾರೀರಿಕ ದಂಡನೆಯನ್ನು ಮಾತ್ರವಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಮತ್ತು ಹೆತ್ತವರ ಒಪ್ಪಿಗೆಯಿಂದ ಆ ನಿಷೇಧ ಸಡಿಲಗೊಳ್ಳುವುದಿಲ್ಲ. ತುಂಬಿದ ಕೋಣೆಯಲ್ಲಿ ಹತ್ತು ಜನ ಅಪರಿಚಿತರು ಕೇಳುವಂತೆ ಒಂದು ಎಳೆಯ ಜೀವದ ನ್ಯೂನತೆಗಳನ್ನು ಓದಿ ಹೇಳುವುದು ಕಿರುಕುಳವಲ್ಲವೆನ್ನುವವರು ಆ ಗುಂಡಿಯ ಸಂಗತಿಗೆ ಉತ್ತರ ಕೊಡಲಿ.

ಅದೇ ಕಾಯಿದೆಯ 24ನೆಯ ಪ್ರಕರಣವು ಉಪಾಧ್ಯಾಯರು ಪೋಷಕರೊಡನೆ ಕ್ರಮವಾಗಿ ಸಭೆ ನಡೆಸಿ, ಹಾಜರಾತಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ, ಇವುಗಳನ್ನೂ ಸಂಬಂಧಪಟ್ಟ ಇತರ ವಿಷಯಗಳನ್ನೂ ತಿಳಿಸಬೇಕೆಂದು ವಿಧಿಸುತ್ತದೆ. ಒಳ್ಳೆಯದೇ. ಆದರೆ ಮಾತೆಲ್ಲವೂ ಶಾಲೆಯಿಂದ ಮನೆಯ ಕಡೆಗೇ ಹರಿಯುತ್ತದೆ. ಶಾಲೆಯ ವಾಟ್ಸ್‌ಆಪ್ ಗುಂಪಿನಲ್ಲಿಯೂ ಇದೇ ಸ್ಥಿತಿ: ಫೀಸಿನ ಕೊನೆಯ ದಿನಾಂಕ, ಹೋಂವರ್ಕಿನ ಫೋಟೋ, ಅದಕ್ಕೆ ಪ್ರತ್ಯುತ್ತರವಾಗಿ ಕೈಮುಗಿದ ಚಿತ್ರಗಳ ಸಾಲು. ಮಗು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತದೆ, ಮನೆಯಲ್ಲಿ ಯಾರ ಜೊತೆ ಮನಸ್ಸು ಬಿಚ್ಚಿ ಮಾತಾಡುತ್ತದೆ, ಏತಕ್ಕೆ ಹೆದರುತ್ತದೆ ಎಂಬುದನ್ನು ಕೇಳಿ ತಿಳಿಯುವ ಹೊಣೆ ಯಾರದೂ ಅಲ್ಲ.

ಈ ಅಂಕಣದ ಹಳೆಯ ಓದುಗರು ನಾನು ಮುಂದೆ ಹೇಳುವುದನ್ನು ಈಗಾಗಲೇ ಊಹಿಸಿರಬಹುದು. ಮೇಷ್ಟರು ಮಗುವಿನ ಮನೆಗೆ ಹೋಗಬೇಕು. ದೂರು ಹೊತ್ತುಕೊಂಡು ಹೋಗಬಾರದು. ಬರಿಗೈಯಲ್ಲಿ ಹೋಗಿ, ಕುಳಿತು, ನೋಡಿ ಬರಬೇಕು.

ತೀರ್ಥಹಳ್ಳಿಯ ಸೀಮೆಯ ನಮ್ಮೂರಿನ ಶಾಲೆಯಲ್ಲಿ, ನಾನು ಬಾಲಕನಾಗಿದ್ದಾಗ, ಕಾಪಿ ಬರೆಯದೆ ಬರುವನೆಂದು ದಿನವೂ ಬೈಸಿಕೊಳ್ಳುತ್ತಿದ್ದ ಸಹಪಾಠಿಯೊಬ್ಬನಿದ್ದನು. ಒಂದು ಮಳೆಗಾಲದ ಸಂಜೆ ನಮ್ಮ ಮೇಷ್ಟರು ಕೊಡೆ ಹಿಡಿದು ಅವನ ಮನೆಗೆ ಹೋಗಿ, ಜಗಲಿಯ ಮೇಲೆ ಕುಳಿತು, ಅವನ ತಂದೆಯೊಡನೆ ಅಡಕೆಯ ಕೊಳೆರೋಗವನ್ನೂ ಮೈಲುತುತ್ತದ ಬೆಲೆಯನ್ನೂ ಕುರಿತು ಮಾತಾಡಿದರೇ ಹೊರತು, ಕಾಪಿಯ ಮಾತೆತ್ತಲಿಲ್ಲ. ಆದರೆ ಆ ಮನೆಗೆಲ್ಲ ಇದ್ದುದು ಒಂದೇ ಬುಡ್ಡಿದೀಪವೆಂಬುದನ್ನೂ, ಅದು ಅಡಿಗೆಯಾಗುವ ತನಕ ಒಲೆಯ ಬಳಿಯಿದ್ದು ಆಮೇಲೆ ಕೊಟ್ಟಿಗೆಗೆ ಹೋಗುವುದೆಂಬುದನ್ನೂ ಅವರು ಕಂಡು ಬಂದರು. ಮರುದಿನದಿಂದ ಆ ಹುಡುಗನು ಗಂಟೆ ಹೊಡೆದ ಮೇಲೆ ಶಾಲೆಯಲ್ಲಿಯೇ ಕುಳಿತು ಕಾಪಿ ಬರೆಯತೊಡಗಿದನು. ಮೇಷ್ಟರು ಅಷ್ಟು ಹೊತ್ತೂ ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದರು. ಅದುವರೆಗೆ ಮೇಷ್ಟರನ್ನು ದೂರದಲ್ಲಿ ಕಂಡೊಡನೆ ಬೇರೆ ದಾರಿ ಹಿಡಿಯುತ್ತಿದ್ದ ಅವನ ತಂದೆ, ಮುಂದಿನ ಬೇಸಗೆಯಲ್ಲಿ ಶಾಲೆಯ ಹೆಂಚು ಕೈಯಾಡಿಸುವಾಗ, ಕರೆಯದೆಯೇ ಏಣಿ ಹೊತ್ತು ಬಂದನು.

ಹಿಂದಿನದೆಲ್ಲವೂ ಹೀಗೆಯೇ ಇದ್ದಿತೆಂದು ಹೇಳುವಷ್ಟು ಮರೆವು ನನಗಿಲ್ಲ. ಮೇಷ್ಟರಾದವರು ಯಾರ ಮನೆಯ ಜಗಲಿಯಲ್ಲಿ ಕುಳಿತರು, ಯಾರ ಮನೆಯ ಅಂಗಳದಲ್ಲಿ ನಿಂತೇ ಮಾತು ಮುಗಿಸಿದರು, ಎಲ್ಲಿ ನೀರು ಕುಡಿದರು, ಎಲ್ಲಿ ಬೇಡವೆಂದರು ಎಂಬ ಲೆಕ್ಕವನ್ನು ಮಕ್ಕಳು ಆಗಲೂ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಕುಳಿತು ನೀರು ಕುಡಿಯಲಾರದವರು ಅತ್ತ ಸುಳಿಯದಿರುವುದೇ ಆ ಮಗುವಿಗೆ ಮಾಡುವ ಉಪಕಾರ.

ಇದು ಈ ಕಾಲಕ್ಕೆ ಅಸಾಧ್ಯವೆನ್ನುವವರು 2020ನ್ನು ನೆನೆಯಲಿ. ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮವೆಂಬ ಯೋಜನೆಯಡಿ ನಮ್ಮ ಸರಕಾರಿ ಶಾಲೆಗಳ ಉಪಾಧ್ಯಾಯರು ಹಳ್ಳಿಹಳ್ಳಿಗೆ ಹೋಗಿ ಅರಳಿಕಟ್ಟೆಗಳಲ್ಲಿ, ಗುಡಿಯ ಪ್ರಾಂಗಣಗಳಲ್ಲಿ, ಮನೆಯ ಜಗಲಿಗಳಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕು ಕಾಣಿಸಿಕೊಂಡುದರಿಂದ ಆ ವರ್ಷದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು; ಆ ವಿಷಮ ಕಾಲದಲ್ಲಿ ನಿಲ್ಲಿಸಿದುದು ಸರಿಯೇ. ಶಾಲೆಗಳು ತೆರೆದ ಮೇಲೆ, ಉಪಾಧ್ಯಾಯರು ಆ ಕೆಲವೇ ವಾರಗಳಲ್ಲಿ ಕಂಡ ಮನೆಗಳನ್ನು ಇನ್ನೊಮ್ಮೆ ಕಾಣಲೆಂದು ಯಾರೂ ವ್ಯವಸ್ಥೆ ಮಾಡಲಿಲ್ಲವೆಂಬುದೇ ನನ್ನ ತಕರಾರು. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಂತೂ ಬಸ್ಸು ಓಡಿಸಲು ಪ್ರತಿಯೊಂದು ಮಗುವಿನ ಗೇಟನ್ನೂ ಪತ್ತೆಹಚ್ಚಿವೆ; ಗೇಟಿನಿಂದ ಒಳಕ್ಕೆ ತಮ್ಮ ಉಪಾಧ್ಯಾಯರನ್ನು ಒಂದು ದಿನವೂ ಕಳುಹಿಸಿದವಲ್ಲ.

ತಂದೆಯಂದಿರಿಗೂ ಒಂದು ಮಾತು. 2001ರಿಂದ ನಮ್ಮಲ್ಲಿ ಸರಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ, ಅವುಗಳಲ್ಲಿ ಪೋಷಕರಿಗೆ ಸ್ಥಾನವಿದೆ. ಅಧ್ಯಕ್ಷಗಿರಿಯ ಚುನಾವಣೆಗೆ ತೋರುವ ಹುರುಪಿನ ಕಿಂಚಿತ್ ಅಂಶವನ್ನು ಮಗನ ತರಗತಿ ಯಾವುದೆಂದು ತಿಳಿಯುವುದಕ್ಕೂ ತೋರಿರಿ.

ಉಪಾಧ್ಯಾಯರಿಗೆ ಸಮಯವೆಲ್ಲಿದೆಯೆಂದು ಇಲಾಖೆಯು ಕೇಳುವುದನ್ನು ನಾನು ಬಲ್ಲೆ. 2025ರ ದಸರೆಯಲ್ಲಿ ಇದೇ ಉಪಾಧ್ಯಾಯರನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ 60 ಪ್ರಶ್ನೆಗಳೊಂದಿಗೆ ಮನೆಮನೆಗೆ ಕಳುಹಿಸಿ, ಅದು ಮುಗಿಯದಾದಾಗ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರ ವರೆಗೆ ಹಿಗ್ಗಿಸಿದ ಸರಕಾರವು, “ನಿಮ್ಮ ಮಗು ಮನೆಯಲ್ಲಿ ಹೇಗಿರುತ್ತದೆ?” ಎಂದು ಕೇಳಿ ಬರುವುದಕ್ಕೆ ವರ್ಷದಲ್ಲಿ ಎರಡು ದಿನಗಳನ್ನು ಬಿಟ್ಟುಕೊಡಲಾರದೆಂದರೆ, ಅದಕ್ಕೆ ಇಲ್ಲದಿರುವುದು ಸಮಯವೆಂದು ನಾನು ನಂಬುವುದಿಲ್ಲ.