ಪ್ರೀತಿ ಮಾಡ್ಲಾಕ ನಮ್ಮ ಭಾಷಾ ಸಾಲಂಗಿಲ್ಲೇನ್ರಿ?

ಕನ್ನಡದಲ್ಲಿ ಒಂದು ನೆಟ್ಟಗಿನ ರೊಮ್ಯಾಂಟಿಕ್ ಕಾಮಿಡಿ ಯಾಕೆ ಬರಲ್ಲ? ಬೆಂಗಳೂರಿನ ಐಟಿ ಮಂದಿಯ ಕಾಯಂ ದೂರು ಇದು. ಶುಕ್ರವಾರ ಸಂಜೆ ಕಾಫಿ ಮಷಿನ್ ಮುಂದೆ ಯಾರಾದರೂ ‘ರೋಮನ್ ಹಾಲಿಡೇ’ ಹೆಸರು ತೆಗೆದರೆ ಮುಗೀತು, "ಅಂಥದ್ದು ನಮ್ಮಲ್ಲೆಲ್ಲಿ ಬಿಡಪ್ಪ" ಅನ್ನೋ ನಿಟ್ಟುಸಿರು ಗ್ಯಾರಂಟಿ. ನನ್ನ ತಕರಾರು ಬೇರೆ ಅದ. ನಕ್ಕು ಅಳಿಸುವ ಪ್ರೇಮಕಥೆ ನಮ್ಮಲ್ಲೂ ಇತ್ತು. ಅದು ಹುಟ್ಟಿದ್ದು ಉತ್ತರ ಕರ್ನಾಟಕದ ನಾಟಕ ಕಂಪನಿಯ ತಗಡಿನ ಥಿಯೇಟರಿನಲ್ಲಿ. ಅದರ ಕಥೆ ತಗೊಂಡೆವು, ಮಾತು ಬಿಟ್ಟೆವು. ಆಮೇಲೆ ಐವತ್ತು ವರ್ಷ ಆ ಮಾತನ್ನು ನಗಿಸೋದಕ್ಕೆ, ಹೆದರಿಸೋದಕ್ಕೆ ಮಾತ್ರ ಇಟ್ಟುಕೊಂಡೆವು.

ಮೊದಲು ರೋಮ್‌ಗೇ ಹೋಗಿ ಬರೋಣ. 1953ರ ಆ ಚಿತ್ರದ ನಿರ್ದೇಶಕ ವಿಲಿಯಂ ವೈಲರ್. ಅರಮನೆಯ ಶಿಸ್ತಿಗೆ ರೋಸಿಹೋದ ರಾಜಕುಮಾರಿಯೊಬ್ಬಳು ರಾತ್ರೋರಾತ್ರಿ ತಪ್ಪಿಸಿಕೊಂಡು ಊರು ತಿರುಗುತ್ತಾಳೆ. ಸುದ್ದಿಯ ಆಸೆಗೆ ಬೆನ್ನುಬಿದ್ದ ಪತ್ರಕರ್ತ ಅವಳಿಗೇ ಮನಸ್ಸು ಕೊಡುತ್ತಾನೆ. ಕೊನೆಗೆ ಇಬ್ಬರೂ ತಂತಮ್ಮ ಜಾಗಕ್ಕೆ ಮರಳುತ್ತಾರೆ, ಅಷ್ಟೇ. ಸ್ಟುಡಿಯೋ ಬಿಟ್ಟು ರೋಮ್‌ನ ಬೀದಿಗಳಲ್ಲೇ ಚಿತ್ರ ತೆಗೆದರು. ಗ್ರೆಗರಿ ಪೆಕ್ ಆಗಲೇ ದೊಡ್ಡ ನಟ. ಆಡ್ರಿ ಹೆಪ್‌ಬರ್ನ್ ಹಾಲಿವುಡ್‌ಗೆ ಹೊಸಮುಖ. ಆಕೆಯ ಅಭಿನಯ ನೋಡಿದ ಪೆಕ್, ಆ ಹುಡುಗಿಯ ಹೆಸರನ್ನೂ ನನ್ನ ಹೆಸರಿನಷ್ಟೇ ದೊಡ್ಡದಾಗಿ ಹಾಕಿ ಎಂದು ಹಟ ಹಿಡಿದ. ಆಕೆಗೆ ಆಸ್ಕರ್ ಬಂತು.

ನಟಿಯ ಹೆಸರಿಗೆ ನ್ಯಾಯ ಸಿಕ್ಕಿತು. ಕಥೆ ಬರೆದವನಿಗೆ? ಬರೆದವನು ಡಾಲ್ಟನ್ ಟ್ರಂಬೊ. 1947ರಲ್ಲಿ ಅಮೆರಿಕದ ಸಂಸದೀಯ ಸಮಿತಿ "ನೀನು ಕಮ್ಯುನಿಸ್ಟನಾ?" ಎಂದು ಕೇಳಿದಾಗ ಉತ್ತರ ಕೊಡಲು ಒಪ್ಪದ ಹತ್ತು ಮಂದಿಯಲ್ಲಿ ಅವನೊಬ್ಬ. ಜೈಲಿಗೂ ಹೋದ, ಹಾಲಿವುಡ್‌ನ ಕಪ್ಪುಪಟ್ಟಿಗೂ ಸೇರಿದ. ಅವನ ಹೆಸರಿದ್ದರೆ ಚಿತ್ರವೇ ಆಗುತ್ತಿರಲಿಲ್ಲ. ಅದಕ್ಕೇ ಗೆಳೆಯ ಇಯಾನ್ ಮೆಕ್ಲೆಲನ್ ಹಂಟರ್ ತನ್ನ ಹೆಸರು ಕೊಟ್ಟ. ಕಥೆಗೆ ಬಂದ ಆಸ್ಕರ್ ಕೂಡ ಹಂಟರ್ ಹೆಸರಿಗೇ ಹೋಯಿತು. ಟ್ರಂಬೊ 1976ರಲ್ಲಿ ತೀರಿಕೊಂಡ. 1993ರಲ್ಲಿ ಆ ಪ್ರಶಸ್ತಿಯನ್ನು ಅವನ ಹೆಂಡತಿಯ ಕೈಗೆ ಕೊಟ್ಟರು. 2011ರಲ್ಲಿ ಅಲ್ಲಿನ ಬರಹಗಾರರ ಸಂಘ ಚಿತ್ರಕಥೆಯ ಶ್ರೇಯವನ್ನೂ ಅವನಿಗೆ ಮರಳಿಸಿತು. ಲೆಕ್ಕ ಹಾಕಿ: 58 ವರ್ಷ. ತಡವಾಯಿತು, ಖರೇ. ಆದರೆ ಕಸಿದುಕೊಂಡಿದ್ದನ್ನು ಕಸಿದುಕೊಂಡಿದ್ದೇವೆ ಎಂದು ಒಪ್ಪಿ ವಾಪಸ್ ಕೊಟ್ಟರು.

ಈಗ ನಮ್ಮ ಮನೆಗೆ ಬರೋಣ. 1974ರ ‘ಸಂಪತ್ತಿಗೆ ಸವಾಲ್’ ನಿಮ್ಮಲ್ಲಿ ಬಹಳ ಮಂದಿ ಟೀವಿಯಲ್ಲಿ ನೋಡಿರುತ್ತೀರಿ. ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡುವ ಹಾಡು ಗೊತ್ತಿಲ್ಲದ ಕನ್ನಡಿಗ ಇಲ್ಲ. ಅಲ್ಲಿಂದ ಮುಂದೆಯೇ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು. ನಿರ್ದೇಶಕ ಎ.ವಿ. ಶೇಷಗಿರಿರಾವ್, ಸಂಗೀತ ಜಿ.ಕೆ. ವೆಂಕಟೇಶ್. ಬಡವರ ಮನೆಯ ಭದ್ರನಾಗಿ ರಾಜಕುಮಾರ್, ಸಿರಿವಂತರ ಮನೆಯ ಸಿಡುಕಿ ದುರ್ಗಿಯಾಗಿ ಮಂಜುಳಾ, ಸಾಹುಕಾರನಾಗಿ ವಜ್ರಮುನಿ. ಪ್ರೀತಿ, ಜಗಳ, ನಗು, ಕಣ್ಣೀರು, ಸಾಲ, ಸಾಹುಕಾರಿ, ಎಲ್ಲ ಒಂದೇ ಗಂಗಾಳದಾಗ ಬಡಿಸಿದ ಊಟ.

ಇದರ ಮೂಲ ನಾಟಕ ಬರೆದವರು ಯಾರು? ಕಾಫಿ ಮಷಿನ್ ಮುಂದೆ ಈ ಪ್ರಶ್ನೆ ಕೇಳಿ ನೋಡಿ. ವೈಲರ್ ಗೊತ್ತಿದ್ದವರಿಗೂ ಪಿ.ಬಿ. ಧುತ್ತರಗಿ ಗೊತ್ತಿರುವುದಿಲ್ಲ. ಹುನಗುಂದ–ಇಳಕಲ್ ಕಡೆಯ ಧುತ್ತರಗಿಯವರು ವೃತ್ತಿ ರಂಗಭೂಮಿಯ ದೊಡ್ಡ ನಾಟಕಕಾರ. ಪತ್ನಿ ಸರೋಜಮ್ಮ ಹೆಸರಾಂತ ರಂಗನಟಿ. ‘ಸಂಪತ್ತಿಗೆ ಸವಾಲ್’ ಅವರದೇ ನಾಟಕ. ಇವರಂಥವರ ನಾಟಕಗಳನ್ನು ಹೊತ್ತು ಕಂಪನಿಗಳು ಬಾದಾಮಿ ಬನಶಂಕರಿ ಜಾತ್ರೆಯಿಂದ ಊರೂರಿಗೆ ತಿರುಗಿದವು. ಹೊಲದ ಕೆಲಸ ಮುಗಿಸಿ ಬಂದವರು ರಾತ್ರಿಯಿಡೀ ಕೂತು ನೋಡಿದರು. ಒಂದು ಸಂಭಾಷಣೆ ನಡೆಯುತ್ತದೋ ಇಲ್ಲವೋ ಎಂದು ಅಲ್ಲೇ, ಅದೇ ಕ್ಷಣ ತೀರ್ಪು ಕೊಟ್ಟರು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕೆಂದರೆ, ಸಾವಿರಾರು ಸಲ ಟೆಸ್ಟ್ ಆದ ಕೋಡ್ ಅದು. ಸಿನಿಮಾದವರು ಅದನ್ನು ಆರಿಸಿಕೊಂಡಿದ್ದು ದಾನವಲ್ಲ, ಜಾಣತನ.

ಆದರೆ ಪರದೆಯ ಮೇಲೆ ಭದ್ರ ಆಡುವುದು ಹಳೇ ಮೈಸೂರಿನ ಹಳ್ಳಿ ಮಾತು. 1974ರ ಮಟ್ಟಿಗೆ ಇದನ್ನು ನಾನು ಅಪರಾಧ ಅನ್ನುವುದಿಲ್ಲ. ರಾಜ್ಯಕ್ಕೆ ‘ಕರ್ನಾಟಕ’ ಅಂತ ಹೆಸರು ಬಂದಿದ್ದೇ ಹಿಂದಿನ ವರ್ಷ, 1973ರಲ್ಲಿ. ಚಿತ್ರೋದ್ಯಮ ಇದ್ದಿದ್ದು ಮದ್ರಾಸು, ಮೈಸೂರು, ಬೆಂಗಳೂರಿನಲ್ಲಿ. ಗಾಜನೂರಿನ ಮುತ್ತುರಾಜನ ಬಾಯಿಗೆ ಯಾವ ಮಾತು ಸಹಜವೋ ಅದನ್ನು ಬರೆದರು. ನನ್ನ ಸಿಟ್ಟು ಆಮೇಲಿನ ಐವತ್ತು ವರ್ಷದ ಮೇಲೆ. ಹಾಲಿವುಡ್ ಬರೆದವನ ಹೆಸರು ಮುಚ್ಚಿಟ್ಟಿತು. ನಾವು ಒಂದು ಸೀಮೆಯ ಮಾತನ್ನೇ ಪ್ರೇಮದ ಖಾತೆಯಿಂದ ತೆಗೆದುಹಾಕಿದೆವು. ಹೆಸರಾದರೆ ಒಂದು ಚೀಟಿ ಅಂಟಿಸಿ ಮರಳಿಸಬಹುದು. ಮಾತನ್ನು ಹ್ಯಾಂಗ ಮರಳಿಸ್ತೀರಿ?

ಉತ್ಪ್ರೇಕ್ಷೆ ಅನ್ನಿಸಿದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಕಲಬುರಗಿ, ಯಾದಗಿರಿ, ಬೀದರ, ರಾಯಚೂರು ಕಡೆಯ ಮಾತಿನಲ್ಲಿ ನಾಯಕ ನಾಯಕಿಗೆ ಮನಸ್ಸು ಬಿಚ್ಚಿದ, ಇಡೀ ರಾಜ್ಯ ಎದೆಗೆ ಹಚ್ಚಿಕೊಂಡ ಒಂದು ದೊಡ್ಡ ಪ್ರೇಮಚಿತ್ರದ ಹೆಸರು ಹೇಳಿ. ನಾನು ಕಾಯ್ತೀನಿ. ಅದೇ ಮಾತನಾಡುವ ಪೋಲಿಸ್ ಪೇದೆ, ಪುಢಾರಿಯ ಬಲಗೈ ಬಂಟ, ಹೀರೋನ ಪೆದ್ದ ಗೆಳೆಯ, ವಾಚ್‌ಮನ್, ಇವರನ್ನು ಹೇಳಿ ಅಂದರೆ ಪಟ್ಟಿ ಸರಸರ ಬರ್ತದ. 2006ರ ‘ಮುಂಗಾರು ಮಳೆ’ಯಲ್ಲಿ ಬೆಂಗಳೂರಿನ ಹುಡುಗ ಮಡಿಕೇರಿಗೆ ಹೋಗಿ ಮಳೆಯಲ್ಲಿ ನೆನೆದ, ನಮಗೂ ಕಣ್ಣು ಒದ್ದೆಯಾಯಿತು, ನಾವೂ ಅದನ್ನು ನಮ್ಮದೇ ಅಂದುಕೊಂಡೆವು. ನಮಗೆ ಆ ದೊಡ್ಡ ಮನಸ್ಸು ಇದೆ. ಆದರೆ ಪ್ರೀತಿ ಹುಟ್ಟಬೇಕಾದರ ಮಳೀನೇ ಬೇಕೇನು? ಅಫಜಲಪುರದ ಏಪ್ರಿಲ್ ಬಿಸಿಲಿನಾಗ, ತೊಗರಿ ಹೊಲದ ಬದುವಿನ ಮ್ಯಾಲ ಹುಟ್ಟಂಗಿಲ್ಲೇನು?

ಇದು ಬರೀ ಸಿನಿಮಾ ವಿಷಯ ಆಗಿದ್ದರೆ ನಾನು ಇಷ್ಟು ಶಾಯಿ ಸುರಿಸುತ್ತಿರಲಿಲ್ಲ. ಪರದೆ ಮೇಲೆ ಯಾವ ಮಾತು ಯಾರ ಬಾಯಲ್ಲಿರುತ್ತದೋ, ಆಫೀಸಿನಲ್ಲೂ ಆ ಮಾತಿಗೆ ಅದೇ ಪಾತ್ರ ಸಿಗುತ್ತದೆ. ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ನನ್ನ ಡೆಮೊ ಮುಗಿದ ಕೂಡಲೇ ಮ್ಯಾನೇಜರ್ ಕೇಳಿದ್ದು ಕೋಡ್ ಬಗ್ಗೆ ಅಲ್ಲ. "ಏ, ಒಂದ್ಸಲ ನಿಮ್ ಭಾಷೇಲಿ ಬಯ್ಯೋ, ಸಖತ್ ಮಜಾ ಇರುತ್ತೆ" ಅಂದ. ಅವನು ಕೆಟ್ಟವನಲ್ಲ. ನಮ್ಮ ಮಾತನ್ನು ಅವನು ಕೇಳಿದ್ದೇ ಬೈಗುಳದಲ್ಲಿ, ಹಾಸ್ಯದಲ್ಲಿ. ನಮ್ಮವ್ವ ಜೋಗುಳ ಹಾಡೋದೂ ಇದೇ ಭಾಷಾದಾಗ, ನನ್ನ ಹೆಂಡತಿ ನನಗ ಮುನಿಸು ಮಾಡೋದೂ ಇದೇ ಭಾಷಾದಾಗ ಅಂತ ಅವನಿಗೆ ಯಾವ ಸಿನಿಮಾ ತೋರಿಸಿದೆ? ಇಂಥದ್ದನ್ನು ನಾಕು ಸಲ ಕೇಳಿದ ನಮ್ಮ ಕಡೆಯ ಹುಡುಗರು ಸಂದರ್ಶನಕ್ಕೆ ಹೋಗುವ ಮೊದಲು ತಮ್ಮ ‘ಅದ’ವನ್ನು ‘ಇದೆ’ ಮಾಡಿಕೊಳ್ಳುತ್ತಾರೆ. ಹುಡುಗಿ ಮುಂದೆಯಂತೂ ಕಡ್ಡಾಯ. ತನ್ನ ಮಾತಿನಲ್ಲಿ ಪ್ರೀತಿ ಹೇಳಿಕೊಳ್ಳಲು ನಾಚುವ ಮನುಷ್ಯ ಇನ್ನೇನನ್ನು ಧೈರ್ಯವಾಗಿ ಹೇಳಿಯಾನು?

ಇಲ್ಲಿಗೆ ಒಂದು ಸಿದ್ಧ ಉತ್ತರ ಬರುತ್ತದೆ: ಮಾರ್ಕೆಟ್ ಇಲ್ಲ ಗುರು, ಯಾರಿಗೂ ಅರ್ಥ ಆಗಲ್ಲ.

ಸುಳ್ಳು. ಸಾಕ್ಷಿ ನಮ್ಮೂರ ಹೊಳೆಯೇ ಅದ. ಘತ್ತರಗಿ ಭಾಗ್ಯವಂತಿ ಗುಡಿ ಮುಂದೆ ಹರಿಯುವ ಭೀಮಾ ಮಹಾರಾಷ್ಟ್ರದ ಉಜನಿ ಡ್ಯಾಮ್ ದಾಟಿ, ಸೊಲ್ಲಾಪುರ ಜಿಲ್ಲೆ ಹಾದು ನಮ್ಮ ಕಡೆ ಬರ್ತಾಳ. ಆ ಉಜನಿ ಹಿನ್ನೀರಿನ ಕರಮಾಳಾ ಸೀಮೆಯವನೇ ನಾಗರಾಜ ಮಂಜುಳೆ. 2016ರಲ್ಲಿ ‘ಸೈರಾಟ್’ ಮಾಡಿದ. ಹುಡುಗ, ಹುಡುಗಿ ಇಬ್ಬರೂ ಹೊಸಬರು, ಆಡೋದು ಸೊಲ್ಲಾಪುರ ಕಡೆಯ ಹಳ್ಳಿ ಮರಾಠಿ. ಮೊದಲರ್ಧ ನಕ್ಕು ನಲಿಸಿ, ಕೊನೆಗೆ ಜಾತಿಯ ಕತ್ತಿಯನ್ನು ಎದೆಗೆ ಇಳಿಸುವ ಆ ಚಿತ್ರವನ್ನು ಪುಣೆ, ಮುಂಬೈನ ಮಂದಿ ಸಾಲು ನಿಂತು ನೋಡಿದರು. ಮರಾಠಿ ಚಿತ್ರರಂಗ ಅಂಥ ಗಳಿಕೆಯನ್ನು ಅದಕ್ಕೂ ಮೊದಲು ಕಂಡಿರಲಿಲ್ಲ. ಮರುವರ್ಷ ನಾವೇನು ಮಾಡಿದೆವು? ಅದೇ ನಾಯಕಿ ರಿಂಕು ರಾಜಗುರುವನ್ನು ಕರೆತಂದು ‘ಮನಸು ಮಲ್ಲಿಗೆ’ ಅಂತ ರೀಮೇಕ್ ಮಾಡಿದೆವು. ಅದು ಸೈರಾಟ್‌ನಂತೆ ಓಡಲಿಲ್ಲ. ಕಥೆಗೆ ಹಕ್ಕು ಕೊಳ್ಳಬಹುದು, ಮಣ್ಣಿಗೆ ಕೊಳ್ಳಾಕ ಬರಂಗಿಲ್ಲ.

ಪೂರ್ವಕ್ಕೆ ನೋಡಿ. ತೆಲಂಗಾಣದ ತೆಲುಗು ಕೂಡ ಟಾಲಿವುಡ್‌ನಲ್ಲಿ ದಶಕಗಟ್ಟಲೆ ಹಾಸ್ಯಗಾರನ, ರೌಡಿಯ ಮಾತಾಗಿಯೇ ಇತ್ತು. 2017ರಲ್ಲಿ ಶೇಖರ್ ಕಮ್ಮುಲ ‘ಫಿದಾ’ ಮಾಡಿದ. ಬಾನ್ಸವಾಡದ ಹುಡುಗಿ ಭಾನುಮತಿಯಾಗಿ ಸಾಯಿ ಪಲ್ಲವಿ, ತಾನೇ ಡಬ್ಬಿಂಗ್ ಮಾಡಿ, ಅಪ್ಪಟ ತೆಲಂಗಾಣ ಧಾಟಿಯಲ್ಲಿ ಜಗಳ ಆಡಿದಳು, ಪ್ರೀತಿಯನ್ನೂ ಮಾಡಿದಳು. ಆಂಧ್ರದವರಿಗೂ ಹುಚ್ಚು ಹಿಡಿಯಿತು. ಬಾನ್ಸವಾಡವೂ ನಮ್ಮ ಕಲಬುರಗಿಯೂ 1948ರ ತನಕ ಒಂದೇ ನಿಜಾಮನ ಕೈಕೆಳಗೆ ಇದ್ದ ಊರುಗಳು. ಪಶ್ಚಿಮದ ನೆರೆಯವನು ಗೆದ್ದ, ಪೂರ್ವದ ನೆರೆಯವನು ಗೆದ್ದ. ನಟ್ಟನಡುವೆ ಕೂತ ನಮ್ಮ ಮಾತು ಮಾತ್ರ ಮಾರ್ಕೆಟ್ಟಿಗೆ ಬರುವುದಿಲ್ಲ ಅಂದರೆ, ಕೊರತೆ ಇರೋದು ಮಾತಿನಲ್ಲೋ ವ್ಯಾಪಾರಿಯ ಎದೆಗಾರಿಕೆಯಲ್ಲೋ?

"ಅರ್ಥ ಆಗಲ್ಲ" ಅನ್ನುವವರು ಕೊರಿಯನ್ ಸರಣಿಗಳನ್ನು ಸಬ್‌ಟೈಟಲ್ ಹಾಕಿಕೊಂಡು ಬೆಳಗಿನ ಮೂರರ ತನಕ ನೋಡುವವರೇ. ಸೋಲ್ ನಗರದ ಅತ್ತೆ-ಸೊಸೆ ಅರ್ಥವಾದವರಿಗೆ ಸುರಪುರದ ಅತ್ತೆ-ಸೊಸೆ ತಿಳಿಯೋದಿಲ್ಲವೆ? ಇನ್ನು "ಶುದ್ಧ ಕನ್ನಡ" ಅನ್ನುವವರಿಗೆ ಒಂದೇ ನೆನಪು: ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಕವಿರಾಜಮಾರ್ಗ 9ನೇ ಶತಮಾನದಲ್ಲಿ ಹುಟ್ಟಿದ್ದು ಮಾನ್ಯಖೇಟದ ಆಸ್ಥಾನದಲ್ಲಿ. ಅದು ಇವತ್ತಿನ ಮಳಖೇಡ, ಸೇಡಂ ತಾಲೂಕು, ಕಲಬುರಗಿ ಜಿಲ್ಲೆ.

ಹಾಗಂತ ಧುತ್ತರಗಿಯವರ ಕಥೆಯನ್ನು ಹಾಗೇ ಎತ್ತಿ ಮತ್ತೆ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ‘ಸಂಪತ್ತಿಗೆ ಸವಾಲ್’ನಲ್ಲಿ ಸೊಕ್ಕಿನ ಹೆಣ್ಣನ್ನು ಬಗ್ಗಿಸುವುದೇ ನಗುವಿನ ಅರ್ಧ ಬಂಡವಾಳ. 1989ರ ‘ನಂಜುಂಡಿ ಕಲ್ಯಾಣ’ದವರೆಗೂ ಅದೇ ವಸೂಲಿ ನಡೆಯಿತು. ರೋಮ್‌ನ ರಾಜಕುಮಾರಿ ಹೋಗುವುದೂ ಮರಳುವುದೂ ತನ್ನ ನಿರ್ಧಾರದಿಂದ. ದುರ್ಗಿಗೆ ಆ ಅವಕಾಶ ಸಿಗಲಿಲ್ಲ. ಭಾನುಮತಿಗೆ ಸಿಕ್ಕಿತು. ನಮ್ಮ ಕಡೆಯ ಹೊಸ ಬರಹಗಾರ ಮಾಡಬೇಕಾದ ಕೆಲಸ ಇದೇ: ದುರ್ಗಿಯ ಬಾಯಿಗೆ ಅವಳ ಮಾತನ್ನೂ ಕೊಡಬೇಕು, ಕೊನೆಯ ಮಾತನ್ನೂ ಕೊಡಬೇಕು.

2013ರಲ್ಲಿ 371(ಜೆ) ಜಾರಿಗೆ ಬಂತು, ನಮ್ಮ ಹುಡುಗರಿಗೆ ಸೀಟು, ನೌಕರಿಯಲ್ಲಿ ಮೀಸಲು ಸಿಕ್ಕಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಕಥೆಯಲ್ಲಿ ಮೀಸಲಾತಿ ನಾನು ಕೇಳುವುದಿಲ್ಲ; ಕಥೆ ಸರಕಾರಿ ಆದೇಶದಿಂದ ಹುಟ್ಟೋದಿಲ್ಲ. ಕೇಳೋದು ಇಷ್ಟೇ. ಸಿನಿಮಾ ಮಾಡೋರು ನಮ್ಮ ಪಾತ್ರಕ್ಕೆ ನಮ್ಮ ಕಡೆಯ ಬರಹಗಾರರನ್ನು ಕೂಡಿಸಿ, ದುಡ್ಡು ಕೊಟ್ಟು ಬರೆಸಲಿ, ಹೆಸರನ್ನು ದೊಡ್ಡದಾಗಿ ಹಾಕಲಿ. ನೋಡುವವರು, ಅಂದರೆ ಟಿಕೆಟ್ಟಿಗೆ ನಾಲ್ಕುನೂರು ರೂಪಾಯಿ ಕೊಡಬಲ್ಲ ನೀವು, ಅಂಥ ಚಿತ್ರ ಬಂದಾಗ ಓಟಿಟಿಗೆ ಬರಲಿ ಬಿಡು ಅನ್ನದೆ ಮೊದಲ ವಾರ ಹೋಗಿ ಕೂಡಿರಿ. ಮತ್ತ ನಮ್ಮ ಕಡೆಯ ಹುಡುಗರೇ, ಹುಡುಗಿಯರೇ, ನಿಮಗ ಹೇಳೋದು ಬ್ಯಾರೆ ಏನಿಲ್ಲ. ಮನಸಿನಾಗಿನ ಮಾತು ಹೇಳೋ ದಿನ ಬಂದಾಗ ಅನುವಾದ ಮಾಡ್ಲಾಕ ಹೋಗಬ್ಯಾಡ್ರಿ. "ನೀ ಅಂದ್ರ ನನಗ ಭಾಳ ಜೀವ ಅದ" ಅಂತ ನೆಟ್ಟಗ ಅಂದುಬಿಡ್ರಿ. ಆ ಮಾತಿಗಿ ಯಾರು ನಗ್ತಾರ, ನೋಡೇ ಬಿಡೋಣು.