ನೆರೆಹೊರೆಯ ಸುರಕ್ಷತೆ ಮತ್ತು ಬೆನೆಗಲ್ ನರಸಿಂಗರಾಯರು

ಪರರಾಷ್ಟ್ರ ಧೋರಣೆಯೆಂಬುದು ದಿಲ್ಲಿಯ ದೊಡ್ಡವರ ಮಾತು. ಬೈಲಹೊಂಗಲದ ಜಿನ್ನಿಂಗ್ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿಯುವವನಿಗೂ ಸವದತ್ತಿಯ ಕಿರಾಣಿ ಅಂಗಡಿಯವನಿಗೂ ಅದರಿಂದ ಆಗಬೇಕಾದದ್ದೇನು ಎಂದು ಕೇಳುವವರಿದ್ದಾರೆ. ಇದಕ್ಕೆ ನಮ್ಮ ಪೇಟೆಯ ಇತಿಹಾಸವೇ ಉತ್ತರ ಹೇಳುತ್ತದೆ. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ವಿಲಾಯತಿಯ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ನಮ್ಮ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದೊಡನೆ ಆ ಬೆಲೆ ಬಿತ್ತು. 1950ರಲ್ಲಿ ಕೋರಿಯದಲ್ಲಿ ಗುಂಡು ಹಾರಿದಾಗಲೂ ಇದೇ ಆಟ: ಮೊದಲು ಎಲ್ಲವೂ ತುಟ್ಟಿ, 1952ರ ಆರಂಭದಲ್ಲಿ ಪೇಟೆಯ ಕುಸಿತ. ಯುದ್ಧದ ಲಾಭ ದಾಸ್ತಾನು ಮಾಡಿದವನಿಗೆ, ನಷ್ಟ ದಿನಗೂಲಿಯವನಿಗೆ ಮತ್ತು ಚಿಲ್ಲರೆ ವ್ಯಾಪಾರಿಗೆ.

ಆ ಕೋರಿಯದ ಬೆಂಕಿ ಹೊತ್ತಿಕೊಂಡ ದಿನ ಸಂಯುಕ್ತ ರಾಷ್ಟ್ರ ಸಂಸ್ಥೆಯ ಸುರಕ್ಷಾ ಮಂಡಳಿಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ನಮ್ಮ ಕರಾವಳಿಯವರು, ಬೆನೆಗಲ್ ನರಸಿಂಗರಾಯರು. ಇಂದು ಪ್ರಾಂತೀಯ ಸುರಕ್ಷತೆಯ ತಜ್ಞರೆಂದು ಬಿರುದು ಹೊತ್ತವರು ದಿನವೂ ಯುದ್ಧದ ಲೆಕ್ಕ ಒಪ್ಪಿಸುತ್ತಿರುವಾಗ ಈ ಒಬ್ಬರ ವೃತ್ತಿಜೀವನವನ್ನು ನೆನೆಯುವುದು ಅವಶ್ಯ.

1887ರಲ್ಲಿ ಹುಟ್ಟಿದ ರಾಯರು ಮಂಗಳೂರಿನ ಕೆನರಾ ಹಾಯ್‌ಸ್ಕೂಲಿನಲ್ಲಿ ಕಲಿತು, ಮದ್ರಾಸು, ಕೇಂಬ್ರಿಜ್ ಮುಗಿಸಿ ಐ.ಸಿ.ಎಸ್. ಸೇರಿದರು. ತಮ್ಮಂದಿರಲ್ಲಿ ಒಬ್ಬರು, ರಾಮರಾಯರು, ರಿಝರ್ವ್ ಬ್ಯಾಂಕಿನ ಗವರ್ನರರಾದರು. ಇನ್ನೊಬ್ಬರು, ಶಿವರಾಯರು, ಮದ್ರಾಸಿನ ಕಾರ್ಮಿಕ ಸಂಘಟನೆಯಲ್ಲಿ ದುಡಿದು, ಭಾರತದ ಗಿರಣಿ ಕಾರ್ಮಿಕನ ಬಗ್ಗೆ ಗ್ರಂಥ ಬರೆದರು. ನರಸಿಂಗರಾಯರು ನ್ಯಾಯಾಧೀಶರಾಗಿದ್ದರು, 1944-45ರಲ್ಲಿ ಕಾಶ್ಮೀರ ಸಂಸ್ಥಾನದ ದಿವಾಣಗಿರಿ ನಡೆಸಿದರು, 1946ರಿಂದ ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದರು. ಆ ಬಳಿಕ ಭಾರತದ ಪ್ರತಿನಿಧಿಯಾಗಿ ಸಂಯುಕ್ತ ರಾಷ್ಟ್ರ ಸಂಸ್ಥೆಗೆ ಹೋದರು.

1950ರ ಜೂನ್ 25ರಂದು ಉತ್ತರ ಕೋರಿಯದ ಆಕ್ರಮಣವನ್ನು ಖಂಡಿಸುವ ಠರಾವಿಗೆ ರಾಯರು ಮತ ಕೊಟ್ಟರು. ಎರಡು ದಿನದ ಮೇಲೆ ದಕ್ಷಿಣ ಕೋರಿಯಕ್ಕೆ ಶಸ್ತ್ರಸಹಾಯ ಮಾಡುವ ಠರಾವು ಬಂದಾಗ ದಿಲ್ಲಿಯ ಅಪ್ಪಣೆ ಬಾರದ ಕಾರಣ ಮತದಾನದಲ್ಲಿ ಭಾಗವಹಿಸಲಿಲ್ಲ. ಭಾರತ ಆಮೇಲೆ ಅದನ್ನು ಒಪ್ಪಿತು. ಜುಲೈ 7ರಂದು ಅಮೇರಿಕದ ನಾಯಕತ್ವದಲ್ಲಿ ಒಂದೇ ಸೇನಾಧಿಪತ್ಯವೆಂಬ ಠರಾವಿನಲ್ಲಿ ತಟಸ್ಥರಾದರು. ಭಾರತ ಕಾದಾಡುವ ದಂಡನ್ನು ಕಳಿಸಲಿಲ್ಲ. ಗಾಯಾಳುಗಳಿಗೆ ಮುಲಾಮು ಹಚ್ಚುವ ವೈದ್ಯಕೀಯ ತುಕಡಿಯನ್ನು ಕಳಿಸಿತು. 38ನೆಯ ಅಕ್ಷಾಂಶ ದಾಟಿದರೆ ಚೀನ ಸುಮ್ಮನಿರದೆಂದು ಅಕ್ಟೋಬರದಲ್ಲಿ ಭಾರತ ಎಚ್ಚರಿಸಿತು. ಯಾರೂ ಕಿವಿಗೊಡಲಿಲ್ಲ. ಗೆರೆ ದಾಟಿದರು, ಚೀನದ ದಂಡು ಇಳಿಯಿತು.

ಡಿಸೆಂಬರದಲ್ಲಿ ಏಶಿಯ ಹಾಗೂ ಅರಬ ಪ್ರದೇಶದ 13 ರಾಷ್ಟ್ರಗಳನ್ನು ಒಂದುಗೂಡಿಸಿ ಕದನ ನಿಲ್ಲಿಸುವ ಠರಾವು ತಂದದ್ದರಲ್ಲಿ ರಾಯರ ಪಾತ್ರ ದೊಡ್ಡದು. ಇರಾಣದ ಎಂತೆಜಾಮ್, ಕೆನಡದ ಪಿಯರ್ಸನ್, ನಮ್ಮ ರಾಯರು, ಈ ಮೂವರ ಮಂಡಲಿ ಸಂಧಾನಕ್ಕೆ ಓಡಾಡಿತು. ಮಾತು ಕೂಡಲಿಲ್ಲ. 1951ರ ಫೆಬ್ರುವರಿ 1ರಂದು ಚೀನವನ್ನು ಆಕ್ರಮಣಕಾರಿಯೆಂದು ಸಾರುವ ಠರಾವಿಗೆ 44 ಮತ ಬಿದ್ದವು. ವಿರುದ್ಧ ಬಿದ್ದದ್ದು 7. ರಶಿಯದ ಬಣದ ಐದನ್ನು ಬಿಟ್ಟರೆ ಉಳಿದವು ಭಾರತ ಮತ್ತು ಬ್ರಹ್ಮದೇಶ, ಎರಡೇ. ಬೈದ ಮೇಲೆ ಸಂಧಾನಕ್ಕೆ ಕರೆದರೆ ಬರುವವನಾರು ಎಂಬುದು ಭಾರತದ ವಾದವಾಗಿತ್ತು. ಎರಡೂವರೆ ವರ್ಷಗಳ ರಕ್ತಪಾತವಾದ ಮೇಲೆ, 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು; ಹಳೆಯ ಗೆರೆಯ ಹತ್ತಿರಕ್ಕೇ ಎಲ್ಲರೂ ಬಂದು ನಿಂತಿದ್ದರು. ಯುದ್ಧಕೈದಿಗಳ ತಂಟೆಯನ್ನು ಬಿಡಿಸುವ ಆಯೋಗದ ಅಧ್ಯಕ್ಷರಾಗಿ ಹೋದವರು ಕೊಡಗಿನ ತಿಮ್ಮಯ್ಯನವರು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ನರಸಿಂಗರಾಯರು ಅದೇ ವರ್ಷದ ನವೆಂಬರ್ 30ರಂದು ತೀರಿಕೊಂಡರು.

ರಾಯರನ್ನು ನಾವು ದೇವರ ಕೋಣೆಯಲ್ಲಿ ಕೂಡ್ರಿಸುತ್ತಿಲ್ಲ. ಅವರು ಬ್ರಿಟಿಶರ ಚಾಕರಿಯಿಂದ ಬಂದ ಅಧಿಕಾರಿ; ಅವರ ಹಿಂದೆ ಜನರ ಚಳವಳಿ ಇರಲಿಲ್ಲ. ದಿಲ್ಲಿಯ ಅಪ್ಪಣೆಗೆ ಕಾಯುವ ತಟಸ್ಥತೆಗೂ, ಎರಡೂ ಬಣಗಳ ಎದುರು ಏಶಿಯದ ಬಡವರನ್ನು ಮೂರನೆಯ ಶಕ್ತಿಯಾಗಿ ನಿಲ್ಲಿಸುವ ಸಮಾಜವಾದಿ ಧ್ಯೇಯಕ್ಕೂ ಅಂತರವಿದೆ. ಆದರೆ ಎರಡೂ ಕಡೆಯವರಿಂದ ಬೈಗುಳ ತಿಂದು ಕದನ ನಿಲ್ಲಿಸಲು ಶ್ರಮಿಸಿದವನ ಧೈರ್ಯ, ಟೀವಿಯ ಮುಂದೆ ಕುಳಿತು ಪರರ ಮಕ್ಕಳನ್ನು ಗಡಿಗೆ ಕಳಿಸುವವನ ಧೈರ್ಯಕ್ಕಿಂತ ಹೆಚ್ಚಿನದು.

ಬಲಾಢ್ಯನ ಆಶ್ರಯದ ಬೆಲೆ ಏನೆಂದು ಕಿತ್ತೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಕಂಪನಿ ಸರಕಾರ ಮೊದಲು ಸ್ನೇಹಿತನಾಗಿ ಬಂತು. 1824ರಲ್ಲಿ ದತ್ತಕ ಒಪ್ಪುವುದಿಲ್ಲವೆಂದು ದಂಡು ತಂದಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿಯೇ ಕಣ್ಣು ಮುಚ್ಚಿದಳು. ಒಂದು ಬಣದ ಚುಂಗು ಹಿಡಿದ ರಾಷ್ಟ್ರದ ಗತಿಯೂ ಇದೇ.

ರಾಯರ ಇನ್ನೊಂದು ಕೆಲಸ ಮಲಪ್ರಭೆಯ ದಂಡೆಯವರಿಗೆ ಇನ್ನೂ ಹತ್ತಿರದ್ದು. ಪಂಜಾಬ ಮೇಲೆ ನೀರು ಕಟ್ಟಿದರೆ ತನ್ನ ಗತಿಯೇನೆಂದು ಸಿಂಧ ಪ್ರಾಂತ ದೂರು ಕೊಟ್ಟಾಗ 1941ರಲ್ಲಿ ನೇಮಕವಾದ ಆಯೋಗಕ್ಕೆ ಅವರೇ ಅಧ್ಯಕ್ಷರು. ಮೇಲಿನವನು ನದಿಯ ಒಡೆಯನಲ್ಲ, ಕೆಳಗಿನವನೂ ಹನಿಹನಿಗೆ ಹಕ್ಕುದಾರನಲ್ಲ, ಇಡೀ ನದಿಯನ್ನು ಒಂದೆಂದು ನೋಡಿ ನ್ಯಾಯವಾಗಿ ಹಂಚಬೇಕು, ಇದು 1942ರ ವರದಿಯ ತಿರುಳು. 1960ರಲ್ಲಿ ಸಿಂಧೂ ಒಪ್ಪಂದವಾಯಿತು. 2025ರ ಏಪ್ರಿಲದಲ್ಲಿ ಪಹಲ್‌ಗಾಮದಲ್ಲಿ 26 ಜನರ ಕೊಲೆಯಾದ ಮೇಲೆ ನಮ್ಮ ಸರಕಾರ ಅದನ್ನು ಅಮಾನತ್ತಿನಲ್ಲಿಟ್ಟಿತು. ಕೊಲೆಗಡುಕರಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರೇ ಶಸ್ತ್ರವಾದರೆ ಗಡಿಯ ಎರಡೂ ಬದಿಯ ರೈತ ಅದರ ಗುರಿಯಾಗುತ್ತಾನೆಂಬುದನ್ನು ಮರೆಯಲಾಗದು.

ಇದೇ ತಕ್ಕಡಿಯನ್ನು ನಮಗೂ ಹಿಡಿಯೋಣ. ಕೃಷ್ಣೆಯಲ್ಲಿ ನಾವು ಮಹಾರಾಷ್ಟ್ರಕ್ಕೆ ಕೆಳಗಿನವರು; ಮಹಾದಾಯಿಯಲ್ಲಿ ಗೋವೆಗೆ ಮೇಲಿನವರು. ನ್ಯಾಯಮಂಡಳಿ 2018ರಲ್ಲಿ ಮಹಾದಾಯಿಯಿಂದ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿತು. ನವಿಲುತೀರ್ಥದ ಅಣೆಕಟ್ಟು ತುಂಬಬೇಕೆಂಬ ಸವದತ್ತಿ, ರಾಮದುರ್ಗಗಳ ಬೇಡಿಕೆ ನ್ಯಾಯವಾದದ್ದು. ಆ ನ್ಯಾಯವನ್ನು ನಾವು ಕೇಳುವುದು ಹಂಚಿಕೆಯ ತತ್ವದ ಮೇಲೆ. ಆ ತತ್ವ ಸಿಂಧೂ ತೀರದಲ್ಲಿ ಸುಳ್ಳಾದರೆ ಮಲಪ್ರಭೆಯ ತೀರದಲ್ಲಿ ನಿಜವಾಗಿ ಉಳಿಯದು.

ಗಿರಣಿ ಕಾರ್ಮಿಕರೇ, ವ್ಯಾಪಾರಸ್ಥ ಬಂಧುಗಳೇ, ಮುಂದಿನ ಸಲ ಮತ ಕೇಳಲು ಬಂದವರನ್ನು ರಸ್ತೆ, ಗಟಾರದ ಜೊತೆಗೆ ಇದನ್ನೂ ಕೇಳಿರಿ: ನೆರೆಯವರೊಂದಿಗೆ ಮಾತಿನ ದಾರಿ ತೆರೆಯಲು ನೀವೇನು ಮಾಡಿದಿರಿ? ಯುದ್ಧದ ಠರಾವಿಗೆ ಕೈ ಎತ್ತುವ ಮುನ್ನ ನಮ್ಮನ್ನು ಕೇಳುವಿರಾ? ಬೆಲೆ ತೆರುವವನಿಗೆ ಪ್ರಶ್ನೆ ಕೇಳುವ ಅಧಿಕಾರವಿದೆ. ಅದನ್ನು ಚಲಾಯಿಸುವುದೇ ಪ್ರಜಾಸತ್ತೆ.